ವಿವರಣೆ ಇಲ್ಲದ ತೇಪೆ

೧

ಎಲ್ಲಿಂದ ಶುರು ಮಾಡಲಿ? ಅತ್ತೆ ಬಿದ್ದಲ್ಲಿಂದಲೋ, ಸೊಸೆ ಒಂದು ಫೈಲು ಅಳಿಸಿದಲ್ಲಿಂದಲೋ? ಬಿದ್ದಲ್ಲಿಂದ ಶುರುವಾಗುವ ಪ್ರತಿಯನ್ನು ಹರಿದು ಹಾಕಿದೆ. ಓದುಗರೇ, ಪರಿಚಯವಾಗುವ ಮೊದಲೇ ಹಿರಿಯರನ್ನು ನೆಲಕ್ಕೆ ಕೆಡವುವುದು ಮರ್ಯಾದೆಯಲ್ಲ.

ಹಾಗಾಗಿ ಸೊಸೆಯಿಂದ. ಯಾರೋ ಬರೆದ ಸಾಫ್ಟ್‌ವೇರ್ ತಂದು, ಅದರ ಹರಕಿಗೆ ಪ್ಯಾಚ್, ಅಂದರೆ ತೇಪೆ, ಹಚ್ಚಿ, ಪ್ಯಾಕೇಜ್ ಕಟ್ಟಿ ಜನರಿಗೆ ಹಂಚುವುದು ಅವಳ ಕೆಲಸ. ಪ್ರತಿ ತೇಪೆಯೂ ಒಂದು ಫೈಲು; ಅದರ ನೆತ್ತಿಯ ಮೇಲೆ ಹೆಡರ್ ಅಂತ ನಾಲ್ಕು ಸಾಲು ಇರಬೇಕು: ಇದು ಯಾಕೆ, ಬರೆದವರು ಯಾರು, ಸಾಫ್ಟ್‌ವೇರ್ ಬರೆದ ಮೂಲ ತಂಡಕ್ಕೆ ಕಳಿಸಿದ್ದಾರೋ ಇಲ್ಲವೋ. (ಆಕಳಿಕೆ ಬಂತೇ? ತಾಳಿ, ಆಂಬುಲೆನ್ಸ್ ಬರುತ್ತದೆ.)

೨

ಅತ್ತೆಗೆ ಪಾರ್ಶ್ವವಾಯು ಬಡಿದು ಮಾತು ಹೋಗಿತ್ತು. ಜಗಳ ಹೋಗಿರಲಿಲ್ಲ. ಟ್ಯಾಬ್ಲೆಟ್‌ನಲ್ಲಿ ಒತ್ತಿದ್ದನ್ನು ಅದು ಗಟ್ಟಿಯಾಗಿ ಹೇಳುತ್ತಿತ್ತು: "ಸೊಸೆ, ಫ್ಯಾನ್ ಹಾಕು. ಬೇಡ, ಆರಿಸು." ಅದೇ ಟ್ಯಾಬ್ಲೆಟ್ ದಿನಾ ಅವರಿಗೆ ಪೇಪರ್ ಓದಿ ಹೇಳುತ್ತಿತ್ತು. ಆ ಮಾತಾಡುವ ಸಾಫ್ಟ್‌ವೇರಿನ ಪ್ಯಾಕೇಜ್ ಕಟ್ಟುತ್ತಿದ್ದವಳು ಸೊಸೆಯೇ.

೩

ಹೊಸ ಆವೃತ್ತಿ ಬಂತು. ಹಳೆಯ ತೇಪೆಯೊಂದು ಅದಕ್ಕೆ ಅಂಟಲಿಲ್ಲ. ಸೊಸೆ ಹೆಡರ್ ನೋಡಿದಳು. ವಿವರಣೆ: "ಸರಿಪಡಿಸಿದೆ." ಅಷ್ಟೇ. ಏನನ್ನು? ಯಾಕೆ? ದೇವರಿಗೇ ಗೊತ್ತು.

ಇಲ್ಲಿ ನಾನು, "ಅವಳ ಬೆರಳು ಕ್ಷಣಕಾಲ ತಡೆಯಿತು" ಎಂದು ಬರೆದಿದ್ದೆ.

"ತಡೀಲಿಲ್ಲ ರೀ," ಅಂದಳು ಸೊಸೆ. "ಚೆಂದಕ್ಕೆ ಸುಳ್ಳು ಬರೀಬೇಡಿ. ಕಸ ಅನ್ಕೊಂಡೆ, ಎಸೆದೆ."

ಆ ವಾಕ್ಯ ಹೊಡೆದುಹಾಕಿದ್ದೇನೆ. ಅವಳು ತೇಪೆ ಅಳಿಸಿದಳು, ಪರೀಕ್ಷೆ ಮಾಡಿದಳು, ಸಾಫ್ಟ್‌ವೇರ್ ಚೆನ್ನಾಗಿಯೇ ಮಾತಾಡಿತು. ಅಪ್‌ಡೇಟ್ ಎಲ್ಲರಿಗೂ ಹೋಯಿತು. ಅತ್ತೆಯ ಟ್ಯಾಬ್ಲೆಟ್ಟಿಗೆ ಸೊಸೆಯೇ ಹಾಕಿದಳು.

೪

ಬೆಳಿಗ್ಗೆ ಪಕ್ಕದ ಕೋಣೆಯಿಂದ ಪೇಪರ್ ಓದುವ ದನಿ ಕೇಳುತ್ತಿತ್ತು. ಸೇತುವೆ ರಿಪೇರಿ, ಹವಾಮಾನ, ಯಾರದೋ ಚದುರಂಗದ ಗೆಲುವು. ಅತ್ತೆ ಆರಾಮಾಗಿದ್ದಾರೆ ಅಂದುಕೊಂಡು ಸೊಸೆ ತನ್ನ ಕೆಲಸದಲ್ಲಿ ಮುಳುಗಿದಳು. ಓದು ಮುಗಿಯಿತು. ಉಸಿರು ಬಿಡಲೂ ನಿಲ್ಲದೆ, ಅದೇ ಶಾಂತ ದನಿ ಮುಂದುವರಿಯಿತು:

"ಬಿದ್ದೆ. ಬಾ. ಬಾ. ಸೊಸೆ ಬಾ. ನೋವು. ಬಾ. ಎಲ್ಲಿದ್ದೀಯೇ. ಬಾ."

ಸೊಸೆ ಓಡಿದಳು. ಮಂಚಕ್ಕೂ ಕುರ್ಚಿಗೂ ನಡುವೆ ಅತ್ತೆ ಮಗ್ಗುಲಾಗಿ ಬಿದ್ದಿದ್ದರು. ಒಂದು ಕಾಲು ಹೇಗೋ ತಿರುಚಿಕೊಂಡಿತ್ತು. ಎದೆಗವಚಿಕೊಂಡ ಟ್ಯಾಬ್ಲೆಟ್ ಇನ್ನೂ "ಬಾ" ಅನ್ನುತ್ತಲೇ ಇತ್ತು. ಅವರು ಒತ್ತುವುದನ್ನು ಯಾವಾಗಲೋ ಬಿಟ್ಟಿದ್ದರು.

ಆಗ ಸೊಸೆಗೆ ಅರ್ಥವಾಯಿತು. ಓದು ನಡೆಯುತ್ತಿರುವಾಗ ಯಾರಾದರೂ ಏನಾದರೂ ಒತ್ತಿದರೆ, ಓದು ನಿಲ್ಲಿಸಿ ಅದನ್ನು ಮೊದಲು ಹೇಳು: ಇಷ್ಟೇ ಆ ತೇಪೆಯ ಕೆಲಸವಾಗಿತ್ತು. ತೇಪೆ ಹೋದ ಮೇಲೆ ಅತ್ತೆಯ ಕೂಗು ಚದುರಂಗದ ಹಿಂದೆ ಸರದಿ ನಿಂತಿತ್ತು.

೫

ಮುಕ್ತಾಯ ಒಂದು: ಆಂಬುಲೆನ್ಸ್ ತಡವಾಗುತ್ತದೆ, ಅತ್ತೆ ತೀರಿಕೊಳ್ಳುತ್ತಾರೆ. (ಕಥೆಗೆ ತೂಕ ಬರುತ್ತದೆ.)

"ನಿಮ್ಮ ಕಥೆಗೆ ತೂಕ ಬೇಕಂತ ನಮ್ಮತ್ತೆ ಸಾಯಬೇಕಾ?" ಅಂದಳು ಸೊಸೆ. ನನಗೆ ನಾಚಿಕೆಯಾಯಿತು.

ಮುಕ್ತಾಯ ಎರಡು: ಏನೂ ಆಗಲೇ ಇಲ್ಲ, ಬರೀ ಕನಸು. ಇದಕ್ಕೆ ನೀವೇ ನನಗೆ ಹೊಡೆಯುತ್ತೀರಿ.

ನಡೆದದ್ದು ಹೀಗೆ: ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಸೊಸೆ ತೇಪೆಯನ್ನು ಹೊಸ ಆವೃತ್ತಿಗೆ ಹೊಂದಿಸಿ ಹೊಲಿದಳು. ಈ ಕೆಲಸ ಮೊದಲು ನೋಡಿಕೊಳ್ಳುತ್ತಿದ್ದವನಿಗೆ ಫೋನ್ ಮಾಡಿದಳು.

"ವಿವರಣೇಲಿ ಒಂದು ಸಾಲು ಯಾಕೆ ಬರೀಲಿಲ್ಲ ನೀವು?"

"ಆಗ ಎಲ್ಲರಿಗೂ ಗೊತ್ತಿತ್ತಲ್ಲಮ್ಮ," ಅಂದ ಅವನು.

ಅವಳು ಫೋನಿಟ್ಟು ವಿವರಣೆಯ ಜಾಗದಲ್ಲಿ ಬರೆದಳು: "ಓದಿನ ನಡುವೆ ಮನುಷ್ಯರು ಕರೆದರೆ ಮೊದಲು ಅದನ್ನು ಹೇಳಬೇಕು. ತೆಗೆಯಬೇಡಿ. ತೆಗೆದರೆ ಬಿದ್ದವರ ಕೂಗು ಕೇಳಿಸುವುದಿಲ್ಲ." ಮೂಲ ತಂಡಕ್ಕೂ ಕಳಿಸಿದಳು. ಉತ್ತರ ಬಂದಿಲ್ಲ.

೬

ಅತ್ತೆಗೆ ಎಚ್ಚರವಾದಾಗ ಸೊಸೆ ಎಲ್ಲ ಹೇಳಿದಳು. ಅಳಿಸಿದ್ದು ತಾನೇ ಅಂತಲೂ. "ಸರಿ ಮಾಡಿದೀನಿ ಅತ್ತೆ. ಹೊಸ ಅಪ್‌ಡೇಟ್ ಬಿಟ್ಟಿದೀನಿ. ಅದು ತಾನಾಗೇ ಹಾಕ್ಕೊಳ್ಳಲ್ಲ, ನಿಮ್ಮದಕ್ಕೆ ನಾನೇ ಹಾಕ್ದೆ."

ಅತ್ತೆ ಟ್ಯಾಬ್ಲೆಟ್ ಹತ್ತಿರ ಎಳೆದುಕೊಂಡರು. ಬೈಗುಳ ಬರುತ್ತದೆಂದು ನಾನೂ ಪೆನ್ನು ಹಿಡಿದು ಕಾದೆ. ಅವರು ಒಂದೊಂದೇ ಅಕ್ಷರ ಒತ್ತಿದರು.

"ಬೇರೆಯವರ ಮನೇಲಿ ಯಾರು ಹಾಕ್ತಾರೆ?"

 ಓದುಗರೇ, ಇಲ್ಲಿ ಸೊಸೆಗೊಂದು ಮಾತು ಕೊಡಬೇಕೆಂದು ಎಷ್ಟೋ ಸಲ ಬರೆದು ಹೊಡೆದುಹಾಕಿದೆ. ನಿಮ್ಮ ಪಕ್ಕದ ಕೋಣೆಯಲ್ಲಿ ಈಗ ಯಾವುದಾದರೂ ಯಂತ್ರ ಪೇಪರ್ ಓದುತ್ತಿದ್ದರೆ, ಇದನ್ನು ಅರ್ಧಕ್ಕೇ ಬಿಟ್ಟು ಒಮ್ಮೆ ಎದ್ದು—