ಕೋಟಿಗೆ ಬಿದ್ದ ಇಟಲಿ ಸೆಂಟು

ಚಳಿ ಕಾಲು ಕಿತ್ತಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಗುರುವಾರ ಬೆಳಿಗ್ಗೆ, ಬೀದಿಯ ಅಂಗಡಿಗಳ ಷಟರು ಒಂದೊಂದಾಗಿ ಮೇಲೇಳುವ ಹೊತ್ತಿಗೆ ಇದು ಶುರುವಾಯಿತು.

ಕೋಟು ಹೊಲಿಯುವವನನ್ನು ಬೀದಿಗೆ ಬೀದಿಯೇ ಕೋಟು ಮಾವ ಅನ್ನುತ್ತಿತ್ತು. ಸುತ್ತಮುತ್ತಲ ಮದುಮಕ್ಕಳಿಗೆಲ್ಲ ಕೋಟು ಹೊಲಿದ ಆಸಾಮಿ. ವಯಸ್ಸು ಐವತ್ತು ದಾಟಿತ್ತು, ಮದುವೆಯ ಹೊಸ್ತಿಲು ಮಾತ್ರ ದಾಟಿರಲಿಲ್ಲ.

ಅಂಗಡಿಯ ಕಿಟಕಿ ಪಕ್ಕ ಕೂತು ಗುಂಡಿ ಹಚ್ಚುವವಳು, ಕಾಜಾ ಮಾಡುವವಳು ಕಾಜದಕ್ಕ. ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದವಳು. ಅವರಿಬ್ಬರ ನಡುವೆ ಬಾಯಿಮಾತು ಕಮ್ಮಿ, ಎಲ್ಲ ಸೀಮೆಸುಣ್ಣದಲ್ಲೇ. ಬಟ್ಟೆಯ ಮೇಲೆ ಮಾವ ಚುಕ್ಕಿ ಇಟ್ಟರೆ ಗುಂಡಿ, ಗೆರೆ ಎಳೆದರೆ ಕಾಜಾ, ಅಡ್ಡಡ್ಡ ಎರಡು ಗೆರೆ ಹಾಕಿದರೆ ‘ಸರಿಯಿಲ್ಲ, ಬಿಚ್ಚು’ ಅಂತ. ಹೀಗೇ ವರ್ಷಗಳು ಉರುಳಿದ್ದವು. ಈಗ ಅವಳ ಅಣ್ಣ ಬಂದಿದ್ದ. ಶನಿವಾರದ ಬಸ್ಸಿಗೆ ತಂಗಿಯನ್ನು ತನ್ನೂರಿಗೆ ಕರೆದೊಯ್ಯುವವನು, ಮತ್ತೆ ಕಳಿಸುವ ಮಾತಿಲ್ಲ. ಬಸ್ಸು ಅಂಗಡಿ ಎದುರಿಗೇ ನಿಲ್ಲುತ್ತದೆ ಅಂತ ಹಗ್ಗ ಬಿಗಿದ ಅವಳ ಟ್ರಂಕನ್ನೂ ತಂದು ಅಂಗಡಿಯಲ್ಲೇ ಇಟ್ಟಿದ್ದರು. ಮಾವನಿಗೆ ಆ ಟ್ರಂಕು ಎದೆಯ ಮೇಲೆ ಇಟ್ಟ ಹಾಗಾಗಿತ್ತು.

ಇದನ್ನು ಕಂಡವನು ಮಾವನ ಸೋದರಳಿಯ. ದೊಡ್ಡ ಅಂಗಡಿಯಲ್ಲಿ ಸೆಂಟು ಮಾರುವವನು. ಆ ಗುರುವಾರ ಕಾಜದಕ್ಕ ಬರುವ ಮುಂಚೆಯೇ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟ.

“ಇಟಲಿಯದು ಮಾವ. ಮೊದಲು ನಿಂಬೆಸಿಪ್ಪೆ, ಆಮೇಲೆ ಲ್ಯಾವೆಂಡರ್, ಕೊನೆಗೆ ದೇವದಾರು. ಅಲ್ಲಿಯ ಗಂಡಸರು ತಾತನ ಕಾಲದಿಂದ ಹಾಕ್ಕೊಳ್ಳೋ ಹದ. ಆದರೆ ಮಧ್ಯೆ ಸಣ್ಣಗೆ ಶುಂಠಿ ಖಾರ ಬರುತ್ತೆ ನೋಡು, ಅದು ಹೊಸಬರ ಕೈಚಳಕ.”

“ಅಂದ್ರೆ ಹಳೇ ಕೋಟಿಗೆ ಹೊಸ ಲೈನಿಂಗು.”

“ಅದೇ! ನಿನಗೇ ಅಳತೆ ತಗೊಂಡು ಮಾಡಿದ ಹಾಗಿದೆ. ಕತ್ತಿಗೆ ಎರಡು ಸಲ ಹೊಡ್ಕೊಂಡು, ಕಾಜದಕ್ಕನ ಹತ್ತಿರ ಮನಸ್ಸಲ್ಲಿರೋದು ಹೇಳಿಬಿಡು.”

“ಹೋಗೋ! ಈ ವಯಸ್ಸಲ್ಲಿ ಘಮಘಮ ಅಂದ್ರೆ ಜನ ಮೂಗು ಮುಚ್ಕೊಂಡು ನಗ್ತಾರೆ.”

“ಮೂಗು ಮುಚ್ಕೊಂಡರೆ ವಾಸನೆ ಹೇಗೆ ಗೊತ್ತಾಗುತ್ತೆ ಮಾವ?”

ಆ ದಿನವೆಲ್ಲ ಮಾವ ಬಾಟಲಿ ಮುಟ್ಟಲಿಲ್ಲ. ಶುಕ್ರವಾರ ಮಧ್ಯಾಹ್ನ ಧೈರ್ಯ ಮಾಡಿ ಮುಚ್ಚಳ ತೆಗೆದ. ತೆಗೆದದ್ದೇ ತಡ, ಕಾಜದಕ್ಕನ ಅಣ್ಣ ಒಳಗೆ ಬಂದ. ಮಾವ ಗಾಬರಿಯಾಗಿ ಬಾಟಲಿಯನ್ನು ಇಸ್ತ್ರಿ ಪಕ್ಕ, ನೀರು ಚಿಮುಕಿಸುವ ಬಾಟಲಿಯ ಜೊತೆಗೆ ನಿಲ್ಲಿಸಿದ.

“ನಾಳೆ ಪ್ರಯಾಣಕ್ಕೆ ಈ ಕೋಟು ಇಸ್ತ್ರಿ ಮಾಡಿಕೊಡಿ. ಮೇಲಿನ ಗುಂಡಿನೂ ಜೋತು ಬಿದ್ದಿದೆ,” ಅಂದು ಅಣ್ಣ ಟಿಕೆಟ್ಟು ತರಲು ಹೊರಟ.

ಮಾವ ಕೋಟು ಹಾಸಿದ. ಕಣ್ಣು ಕಿಟಕಿ ಪಕ್ಕದಲ್ಲಿತ್ತು, ಕೈ ಅಭ್ಯಾಸಬಲದಲ್ಲಿ ನಡೆಯಿತು. ತೋಳಿಗೆ, ಬೆನ್ನಿಗೆ, ಕಾಲರಿಗೆ ಧಾರಾಳವಾಗಿ ಚಿಮುಕಿಸಿದ. ನೀರಿಗೆ ಯಾರು ಜಿಪುಣತನ ಮಾಡುತ್ತಾರೆ? ಮೇಲೆ ಇಸ್ತ್ರಿ ಒತ್ತಿದ್ದೇ ಚುಸ್ಸೆಂದು ಹಬೆ ಎದ್ದು, ಇಟಲಿಗೆ ಇಟಲಿಯೇ ಅಂಗಡಿಯೊಳಗೆ ಇಳಿದು ಬಂತು.

ಎದುರಿನ ಚಪ್ಪಲಿ ರಿಪೇರಿಯವನು ಕೂಗಿದ: “ಏನು ಮಾವ, ಯಾರ ಮದುವೆ?”

ಮಾವ ಗುಂಡಿ ಇರಬೇಕಾದ ಕಡೆ ಚುಕ್ಕಿ ಇಟ್ಟು, ಕೋಟನ್ನು ಕಾಜದಕ್ಕನ ಕಡೆ ಸರಿಸಿದ. ಅವಳು ದಾರ ಪೋಣಿಸುತ್ತಲೇ ಮೂಗರಳಿಸಿದಳು.

“ನಮ್ಮಣ್ಣನಿಗೆ ಬೆವರು ಬಿಟ್ಟರೆ ಬೇರೆ ವಾಸನೆ ಗೊತ್ತಿಲ್ಲ. ಇದೇನಿದು?”

“ತಪ್ಪಾಯ್ತು. ನೀರು ಅಂದ್ಕೊಂಡೆ. ಅದು... ನಾನು ಹಾಕ್ಕೊಬೇಕಿತ್ತು.”

“ನೀವಾ? ಯಾತಕ್ಕೆ?”

“ನಿಮ್ಮನ್ನ ಒಂದು ಮಾತು ಕೇಳೋಣ ಅಂತ.”

ಅವಳು ಗುಂಡಿ ಹಚ್ಚಿ, ಗಂಟು ಹಾಕಿ, ದಾರ ಕಚ್ಚಿ ತುಂಡು ಮಾಡಿದಳು.

“ಕೋಟು ಆಗಲೇ ಕೇಳಿತು ಬಿಡಿ, ಬೀದಿಗೆಲ್ಲ ಕೇಳಿಸೋ ಹಾಗೆ. ನೀವು ಯಾವಾಗ ಕೇಳೋದು?”

ಮಾವ ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

“ಹೋಗಬೇಡಿ. ಅಂಗಡಿಗೆ ಅಂತಲ್ಲ... ನನಗೆ ಅಂತ. ಇಬ್ಬರೂ ಒಂದೇ ಮನೇಲಿ ಇರೋಣ.”

ಕಾಜದಕ್ಕ ಎದ್ದು ಬಂದು ಮೇಜಿನ ಮೇಲಿದ್ದ ಸೀಮೆಸುಣ್ಣ ತಗೊಂಡಳು. ಟ್ರಂಕಿನ ಹತ್ತಿರ ಬಗ್ಗಿ, ಅದರ ಮುಚ್ಚಳದ ಮೇಲೆ ಅಡ್ಡಡ್ಡ ಎರಡು ಗೆರೆ ಎಳೆದಳು.

ಸರಿಯಿಲ್ಲ, ಬಿಚ್ಚು.

ಮಾವ ಆ ಗುರುತನ್ನೇ ನೋಡುತ್ತಾ ನಿಂತುಬಿಟ್ಟ. ಇಷ್ಟು ವರ್ಷ ಅದನ್ನು ಹಾಕಿದವನು ಅವನು, ಓದಿದವಳು ಅವಳು. ಇವತ್ತು ಓದುವ ಸರದಿ ಅವನದಾಗಿತ್ತು.

“ನೋಡ್ತಾ ನಿಂತರೆ ತಾನಾಗಿ ಬಿಚ್ಚಿಕೊಳ್ಳುತ್ತಾ?” ಅಂದಳು. “ಹಗ್ಗದ ಗಂಟು ಬಿಗಿಯಾಗಿದೆ, ಒಂದು ಕೈ ಹಾಕಿ.”

ಸಂಜೆ ಅಣ್ಣ ಎರಡು ಟಿಕೆಟ್ಟು ಹಿಡಿದು ಬಂದಾಗ ಟ್ರಂಕು ಅರ್ಧ ಖಾಲಿ. ಮೊದಲು ಸಿಡಿಮಿಡಿಗೊಂಡ, ಆಮೇಲೆ ತಂಗಿಯ ಮುಖ ನೋಡಿ ತಣ್ಣಗಾದ. “ಮುಂಚೆನೇ ಹೇಳಿದ್ದರೆ ಒಂದೇ ಟಿಕೆಟ್ಟು ತರ್ತಿದ್ದೆನಲ್ಲೇ,” ಅಂದು ಕೋಟು ತೊಟ್ಟುಕೊಂಡವನು, ಕಾಲರಿಗೆ ಮೂಗು ಹಚ್ಚಿದ. “ಇದೇನು ಭಾವ, ಇಸ್ತ್ರಿ ಜೊತೆ ಇದೂ ಸೇರಿದೆಯಾ?”

ಭಾವ ಅನ್ನಿಸಿಕೊಂಡ ಮಾವನಿಗೆ ಕಿವಿಯವರೆಗೂ ಕೆಂಪೇರಿತು.

ಶನಿವಾರ ಬಸ್ಸು ಹೇಳಿದ ಹೊತ್ತಿಗೇ ಬಂತು. ಅದರಲ್ಲಿ ಹೋದವನು ಅಣ್ಣ ಒಬ್ಬನೇ, ನಿಂಬೆ ಶುಂಠಿ ದೇವದಾರು ಘಮಘಮಿಸುತ್ತಾ, ಪಕ್ಕದ ಖಾಲಿ ಸೀಟಿನ ಮೇಲೆ ಟೋಪಿ ಇಟ್ಟುಕೊಂಡು.