ಎರಡನೇ ಸಲ

ಮಗಳು ಐದನೆಯ ಸಲ ಕೀ ತಿರುಗಿಸಿ ಸ್ಟಾರ್ಟರ್ ಎಳೆದಳು. ಗುಬ್ಬಿ ಕರ್ರ್ ಕರ್ರ್ ಎಂದು ಗೊಣಗಿ ಸುಮ್ಮನಾಯಿತು.

ಗುಬ್ಬಿ ಎಂದರೆ ಅವಳ ಅಪ್ಪನ, ಅಂದರೆ ಗ್ಯಾರೇಜಿನ ಮೇಸ್ತ್ರಿಯ, ಸ್ವಂತ ಕಾರು. ಬೂದು ಬಣ್ಣ, ಎರಡೇ ಬಾಗಿಲು, ನಾಲ್ಕು ಜನ ಕೂತರೆ ಐದನೆಯವರು ಆಸೆಯನ್ನೂ ಪಡುವಂತಿಲ್ಲ. ಮೇಸ್ತ್ರಿ ನಿನ್ನೆ ಬೆಳಿಗ್ಗೆ ತೀರಿಕೊಂಡಿದ್ದರು. ಅವರ ಕೈಯಲ್ಲಿ ಮರುಜೀವ ಪಡೆದ ಹಳೆಯ ಕಾರುಗಳೆಲ್ಲ ಇವತ್ತು ಬೀದಿಯುದ್ದಕ್ಕೂ ಬಂದು ನಿಂತಿದ್ದವು. ಒಂದಕ್ಕೆ ದೋಣಿಯಷ್ಟು ಉದ್ದದ ಮೂತಿ, ಇನ್ನೊಂದರೊಳಗೆ ಬೆಳ್ಳಿಯ ಹೂದಾನಿ. ಅಬ್ಬಾ, ಆ ಹೊಳಪೇ! ಬೀದಿಯವರು ಬಾಗಿಲಿಗೆ ಬಂದು ಬಾಯಿ ಬಿಟ್ಟುಕೊಂಡು ನಿಂತರು. ದಿನಾ ಎಣ್ಣೆ ಬಟ್ಟೆಯಲ್ಲಿ ನಡೆದು ಹೋಗುತ್ತಿದ್ದ ಮನುಷ್ಯನಿಗಾಗಿ ಇಷ್ಟೆಲ್ಲ ಬಂದಿದೆ ಎಂದರೆ ಅವರಿಗೆ ನಂಬಿಕೆಯೇ ಬರಲೊಲ್ಲದು.

"ನಮ್ಮ ಕಾರಲ್ಲಿ ಬನ್ನಿ ಅಮ್ಮ," ಎಂದರು ಹೂದಾನಿ ಕಾರಿನ ಯಜಮಾನರು.

"ನಾನು ಬಂದ್ರೆ ಗುಬ್ಬೀಲೇ. ಅವರನ್ನ ಕಳಿಸೋಕೆ ಬೇರೆಯವರ ಕಾರಲ್ಲಿ ಹೋಗಲ್ಲ," ಎಂದರು ಮೇಸ್ತ್ರಿಯ ಹೆಂಡತಿ.

ಶವದ ಗಾಡಿಯ ಡ್ರೈವರ್ ಗಡಿಯಾರ ನೋಡಿಕೊಂಡ. "ಇನ್ನು ಹತ್ತು ನಿಮಿಷ ಕಾಯಬಹುದು. ಸ್ಮಶಾನದಲ್ಲಿ ಆಮೇಲೆ ಬೇರೆಯವರ ಸರದಿ ಇದೆ."

ಮಗಳೂ ಮೆಕ್ಯಾನಿಕ್ಕೇ. ಬಾನೆಟ್ಟಿನಿಂದ ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು. "ಪೆಟ್ರೋಲೇ ಬರ್ತಿಲ್ಲ. ಕೀ ತಿರುಗಿಸಿದ ತಕ್ಷಣ ಪಂಪು ಟಿಕ್ ಟಿಕ್ ಅನ್ನಬೇಕು, ಸದ್ದೇ ಇಲ್ಲ. ಅದಿರೋದು ನಿನ್ನ ಸೀಟಿನ ಕೆಳಗೆ. ಬಿಚ್ಚೋಕೇ ಒಂದು ಗಂಟೆ ಬೇಕಮ್ಮ. ಎಂಟು ವರ್ಷ ಅಪ್ಪನ ಜೊತೆ ದುಡಿದಿದ್ದೀನಿ. ಈ ಗುಬ್ಬಿ ಒಂದನ್ನ ಮಾತ್ರ ಅಪ್ಪ ಮುಟ್ಟೋಕೆ ಬಿಡ್ಲಿಲ್ಲ."

"ಅವರ ಕಿವಿ ಯಾರಿಗೂ ಬರಲ್ಲ ಬಿಡಮ್ಮ," ಎಂದರು ಯಜಮಾನರು. "ನನ್ನ ಕಾರನ್ನ ಮೂರು ಜನ ಬಿಚ್ಚಿ ಕೈಚೆಲ್ಲಿದ್ರು. ಇವರು ಸ್ಕ್ರೂಡ್ರೈವರ್ ತುದೀನ ಇಂಜಿನ್ನಿಗೆ ಇಟ್ಟು, ಹಿಡೀನ ಕಿವಿಗೆ ಇಟ್ಕೊಂಡು ಕಣ್ಮುಚ್ಚಿದ್ರು. 'ಮೂರನೆಯವನಿಗೆ ನೆಗಡಿ' ಅಂದ್ರು. ಬಿಚ್ಚಿ ನೋಡಿದ್ರೆ ಕೆಟ್ಟಿದ್ದು ಮೂರನೇ ವಾಲ್ವೇ! ನನಗೆ ಮೈ ಜುಮ್ ಅಂತು."

ಹೆಂಡತಿ ಯಾರ ಮಾತಿಗೂ ಕಾಯದೆ ಹೋಗಿ ತಮ್ಮ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

* * *

ಮದುವೆಯಾದ ಹೊಸತು. ಮೊದಲ ಸಲ ಇದೇ ಸೀಟಿನಲ್ಲಿ ಕೂತು ಅವರು ಬಾಗಿಲು ಹಾಕಿದ್ದರು.

"ಸರಿಯಾಗಿ ಬೀಳ್ಲಿಲ್ಲ. ಇನ್ನೊಂದು ಸಲ ಹಾಕು," ಎಂದಿದ್ದರು ಮೇಸ್ತ್ರಿ.

ಅವತ್ತಿನಿಂದ ಪ್ರತಿ ಸಲವೂ ಅದೇ ಪಾಡು. ಮೆಲ್ಲಗೆ ಹಾಕಿದರೂ ಇನ್ನೊಂದು ಸಲ, ಜೋರಾಗಿ ಹಾಕಿದರೂ ಇನ್ನೊಂದು ಸಲ. ಮೂವತ್ತು ವರ್ಷ ಕೇಳಿ ಕೇಳಿ ಒಂದು ದಿನ ಅವರಿಗೆ ರೇಗಿಹೋಯಿತು.

"ಏನ್ರೀ, ಇಷ್ಟು ವರ್ಷ ಸಂಸಾರ ತೂಗಿಸಿದೀನಿ. ಒಂದು ಬಾಗಿಲು ಹಾಕೋಕೆ ಬರಲ್ವಾ ನಂಗೆ?"

ಮೇಸ್ತ್ರಿ ಸ್ಟೇರಿಂಗ್ ಒರೆಸುತ್ತಾ, "ಬರುತ್ತೆ ಕಣೇ. ಎರಡನೇ ಸಲ ಇನ್ನೂ ಚೆನ್ನಾಗಿ ಬರುತ್ತೆ," ಎಂದರು. ಆಕೆ ಸಿಟ್ಟಿನಿಂದ ಬಾಗಿಲು ತೆಗೆದು ಇನ್ನೊಂದು ಸಲ ಎಳೆದುಕೊಂಡರು.

* * *

"ಕೊನೇ ಸಲ ನೋಡ್ತೀನಿ," ಎಂದು ಮಗಳು ಪಕ್ಕದಲ್ಲಿ ಕೂತು ಕೀ ತಿರುಗಿಸಿದಳು. ಸದ್ದಿಲ್ಲ.

ಹೆಂಡತಿಯ ಕೈ ತಾನಾಗಿಯೇ ಬಾಗಿಲು ತೆಗೆದು ಧಡಾರನೆ ಮತ್ತೆ ಎಳೆದುಕೊಂಡಿತು. ಅಷ್ಟು ವರ್ಷದ ಅಭ್ಯಾಸ, ಬಿಟ್ಟೇನೆಂದರೂ ಬಿಡುವುದಲ್ಲ.

ಸೀಟಿನ ಕೆಳಗಿಂದ ಸದ್ದು ಬಂತು. ಟಿಕ್. ಟಿಕ್ ಟಿಕ್ ಟಿಕ್.

ಮಗಳು ಸ್ಟಾರ್ಟರ್ ಎಳೆದಳು. ಗುಬ್ಬಿ ಒಮ್ಮೆ ಸೀನಿ ಎದ್ದೇಬಿಟ್ಟಿತು! ಯಜಮಾನರು ಟೋಪಿ ತೆಗೆದು ಎದೆಗೊತ್ತಿಕೊಂಡರು.

ಶವದ ಗಾಡಿಯ ಹಿಂದೆ ಗುಬ್ಬಿ ಹೊರಟಿತು. ಆ ದೊಡ್ಡ ಕಾರುಗಳೆಲ್ಲ ಅದರ ಹಿಂದೆ, ಅದರದೇ ವೇಗದಲ್ಲಿ, ಸಾಲಾಗಿ ಬಂದವು.

"ಪಂಪು ಅಂಟ್ಕೊಳ್ಳುತ್ತೆ. ಬಾಗಿಲಿನ ಹೊಡೆತಕ್ಕೆ ಬಿಟ್ಕೊಳ್ಳುತ್ತೆ," ಎಂದಳು ಮಗಳು. "ಅರ್ಧ ದಿನದ ಕೆಲಸ ಅಷ್ಟೇ. ಅಪ್ಪ ಯಾಕೆ ಸರಿ ಮಾಡ್ಲಿಲ್ಲ? ಒಬ್ಬರೇ ಹೋಗೋವಾಗ ಏನು ಮಾಡ್ತಿದ್ರು?"

"ಒಬ್ಬರೇ ಎಲ್ಲಿಗೆ ಹೋಗ್ತಿದ್ರು? ಗ್ಯಾರೇಜಿಗೂ ನಡ್ಕೊಂಡೇ ಹೋಗ್ತಿದ್ರು. ಗುಬ್ಬಿ ತೆಗೆದ್ರೆ ನಾನು ಜೊತೆಗಿರಲೇಬೇಕು ಅಂತ..."

ಉಳಿದ ದಾರಿಯುದ್ದಕ್ಕೂ ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತರು.

ಮಣ್ಣು ಹಾಕಿ ಎಲ್ಲರೂ ಹಿಂದಿರುಗುವಾಗ ಮಗಳು, "ನಾಳೆ ಆ ಪಂಪು ಬಿಚ್ಲಾ ಅಮ್ಮ?" ಎಂದಳು.

"ಅದನ್ನ ಮುಟ್ಟಿದ್ರೆ ನೋಡು."

ಅವರು ಹತ್ತಿ ಕೂತು ಬಾಗಿಲು ಹಾಕಿಕೊಂಡರು. ಮಗಳು ಕೀ ತಿರುಗಿಸಿದಳು. ಸದ್ದಿಲ್ಲ. ಅಮ್ಮ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕಾಯುತ್ತಾ ಕೂತರು.

ಮಗಳು ಮುಂದಿನ ಗಾಜನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು: "ಸರಿಯಾಗಿ ಬೀಳ್ಲಿಲ್ಲ. ಇನ್ನೊಂದು ಸಲ ಹಾಕು."

ಅಮ್ಮ ಬಾಗಿಲನ್ನು ಪೂರ್ತಿ ತೆರೆದು, ಎರಡೂ ಕೈಯಲ್ಲಿ ಹಿಡಿದು ಎಳೆದರು.