ಈಶ್ವರಪ್ಪನ ಹುರುಳಿಕಟ್ಟು

ಜನ್ನಾಪುರದಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಎಂದರೆ ಬೀದಿಯವರೆಲ್ಲ ಅದನ್ನು ಕಲ್ಲೆಂದೇ ತಿಳಿಯುತ್ತಿದ್ದರು. ಕಲ್ಲಿಗೆ ಮದ್ದು ಹುರುಳಿಕಟ್ಟು, ಅಂದರೆ ಹುರುಳಿ ಬೇಯಿಸಿ ಬಸಿದ ಮಂದ ನೀರು. ಕಾರ್ಖಾನೆ ಕೆಲಸದಿಂದ ನಿವೃತ್ತನಾಗಿದ್ದ ಈಶ್ವರಪ್ಪನ ಕಾಲು ಮುಖ ಬಾತುಕೊಂಡ ಸುದ್ದಿ ಮುಟ್ಟಿದ್ದೇ ತಡ, ಅವನ ಅಕ್ಕ ಹಾಲಮ್ಮ ಹುರುಳಿಯ ಗಂಟು ಕಟ್ಟಿಕೊಂಡು ಹೊಳಲೂರಿನಿಂದ ಬಂದಿಳಿದಳು.

ಈಶ್ವರಪ್ಪನ ಹೆಂಡತಿ ಹೂವಮ್ಮ ಮೆಲ್ಲಗೆ ಹೇಳಿ ನೋಡಿದಳು. "ಡಾಕ್ಟ್ರು ಕಾಳು ಕೊಡ್ಬೇಡಿ ಅಂದಿದಾರೆ ಅತ್ಗೆ."

"ಇದ್ರಲ್ಲಿ ಕಾಳು ಎಲ್ಲಿದೆ ಮಾರಾಯ್ತಿ? ಕಾಳು ಪಕ್ಕದ ಮನೆ ಎಮ್ಮೆಗೆ ಹಾಕ್ದೆ. ಇದು ಬರೀ ನೀರು. ನಿನ್ನ ಡಾಕ್ಟ್ರು ಹುಟ್ಟೋಕ್ ಮುಂಚೆನೇ ಹುರುಳಿ ಇತ್ತು ಕಣೇ."

ತಾಯಿ ಸತ್ತ ಮೇಲೆ ಈಶ್ವರಪ್ಪನನ್ನು ಎತ್ತಿ ಆಡಿಸಿದವಳು ಹಾಲಮ್ಮ; ಅವಳ ಮುಂದೆ ಯಾರ ಮಾತೂ ನಡೆಯುತ್ತಿರಲಿಲ್ಲ. ಆದರೆ ಹೂವಮ್ಮನ ಬಾಯಿ ಕಟ್ಟಿದ್ದು ಅದಲ್ಲ. ಏನು ಬಾಯಿಗಿಟ್ಟರೂ ಕಬ್ಬಿಣ ನೆಕ್ಕಿದ ಹಾಗಾಗುತ್ತೆ ಎಂದು ತಟ್ಟೆ ಸರಿಸುತ್ತಿದ್ದ ಗಂಡ, ಒಗ್ಗರಣೆ ಬಿದ್ದ ಆ ಕಟ್ಟನ್ನು ಮಾತ್ರ ಲೋಟ ಬಗ್ಗಿಸಿ ಕುಡಿಯುತ್ತಿದ್ದ. ಉಣ್ಣದ ಗಂಡ ಕುಡಿಯುವಾಗ ಯಾವ ಹೆಂಡತಿ ಲೋಟ ಕಿತ್ತುಕೊಳ್ಳುತ್ತಾಳೆ?

ಮತ್ತೆ ಶಿವಮೊಗ್ಗದ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅವನಿಗೆ ಕೂತಲ್ಲೇ ತೂಕಡಿಕೆ, ಮೈಯೆಲ್ಲ ತುರಿಕೆ. ರಕ್ತದ ರಿಪೋರ್ಟು ನೋಡಿದ ಡಾಕ್ಟರ್ ಮೀರಾ, "ಊಟಕ್ಕೆ ಏನ್ ಕೊಡ್ತಿದೀರಿ?" ಎಂದು ಕೇಳಿದರು.

"ನಾನೇ ನಿಂತು ಹುರುಳಿಕಟ್ಟು ಕುಡಿಸಿದೀನಿ," ಎಂದಳು ಹಾಲಮ್ಮ ಹೆಮ್ಮೆಯಿಂದ.

ಡಾಕ್ಟರು ರೇಗಲಿಲ್ಲ. "ನೋಡಿ ಅಮ್ಮಾ, ಇವರಿಗಿರೋದು ಕಲ್ಲಲ್ಲ. ಕಾಳು, ಮೊಟ್ಟೆ, ಮಾಂಸದ ಸತ್ವನ ಮೈ ಬೇಕಾದಷ್ಟು ಬಳಸ್ಕೊಳ್ಳುತ್ತೆ. ಮಿಕ್ಕಿದ್ದನ್ನ ಹಾಗೇ ಕೂಡಿಡೋಕೆ ಮೈಯಲ್ಲಿ ಕಣಜ ಇಲ್ಲ. ಲಿವರ್ ಅದನ್ನ ಒಡೆಯುತ್ತೆ. ಆಗ ಬರೋ ಕಸ ಯೂರಿಯಾ ಆಗಿ ರಕ್ತಕ್ಕೆ ಸೇರುತ್ತೆ, ಕಿಡ್ನಿ ಸೋಸಿ ಮೂತ್ರದಲ್ಲಿ ಕಳಿಸುತ್ತೆ. ಇವರ ಕಿಡ್ನಿ ಸೋಸೋದೇ ನಿಲ್ಲಿಸ್ತಾ ಬಂದಿದೆ. ಕಾಳು ಬಸಿದ್ರೂ ನೀರಲ್ಲಿ ಒಂದಿಷ್ಟು ಸತ್ವ ಇಳಿದಿರುತ್ತೆ."

"ಯೂರಿಯಾ ಅಂದ್ರೆ ಗದ್ದೆಗೆ ಹಾಕ್ತೀವಲ್ಲ, ಅದಾ?"

"ಅದೇ."

ಗೊಬ್ಬರ ಅತಿಯಾದರೆ ಪೈರು ಏನಾಗುತ್ತದೆಂದು ಹಾಲಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಅದನ್ನು ಕಂಡು ಡಾಕ್ಟರು, "ಕಿಡ್ನಿ ಮೊದಲೇ ಹೋಗಿತ್ತು, ನಿಮ್ಮಿಂದ ಅಲ್ಲ," ಎಂದರು. ಆ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಬರೀ ಗಂಜಿ ಕೊಡ್ಲಾ?" ಹೂವಮ್ಮ ಕೇಳಿದಳು. "ಅದನ್ನ ಮುಟ್ಟೋದೇ ಇಲ್ಲ ಇವರು."

"ಹೇಗಾದ್ರೂ ತಿನ್ನಿಸಿ. ಏನೂ ತಿನ್ನದಿದ್ರೆ ಮೈ ತನ್ನ ಮಾಂಸನೇ ಕರಗಿಸ್ಕೊಳ್ಳುತ್ತೆ. ಅದರಿಂದ್ಲೂ ಅದೇ ಯೂರಿಯಾ ಬರೋದು."

"ಮಿಷನ್ನಲ್ಲಿ ರಕ್ತ ತೊಳೀತಾರಂತಲ್ಲ?"

"ಅವರ ಹೃದಯ ಅದನ್ನ ತಡ್ಕೊಳ್ಳಲ್ಲಮ್ಮ. ಹೋದ ಸಲನೇ ಹೇಳಿದೆನಲ್ಲ."

ಹೇಳಿದ್ದರು. ಬೇರೆ ಮಾತು ಬಂದೀತೇನೋ ಎಂದು ಹೂವಮ್ಮ ಇನ್ನೊಮ್ಮೆ ಕೇಳಿದ್ದಳು, ಅಷ್ಟೇ.

ಮನೆಗೆ ಬಂದವಳೇ ಹಾಲಮ್ಮ ಗಂಜಿ ಕಾಯಿಸಿ, ಸಕ್ಕರೆ ಕದಡಿ, ತಮ್ಮನ ಮುಂದೆ ಹಿಡಿದಳು. ಅವನು ಮುಖ ತಿರುಗಿಸಿದ.

"ಅಕ್ಕಾ, ಕಟ್ಟು ಇಲ್ವಾ?"

"ಇವತ್ತಿಲ್ಲ ಕಣಪ್ಪ."

"ಜನ್ಮದಲ್ಲಿ ಒಂದಾಗ್ದೋರು, ನನ್ನನ್ನ ಉಪವಾಸ ಕೆಡವೋಕೆ ಇಬ್ರೂ ಒಂದಾದ್ರಾ?" ಎಂದು ನಕ್ಕ. ನಗೆಯ ಜೊತೆಗೆ ಬಾಯಿಂದ ಉಚ್ಚೆಯಂಥ ವಾಸನೆ ಬಂತು.

ಹಾಲಮ್ಮ ಬಟ್ಟಲು ಹಿಡಿದುಕೊಂಡೇ ನಾದಿನಿಯ ಕಡೆ ತಿರುಗಿದಳು. "ಏನ್ ಮಾಡ್ಲೇ ಹೂವಿ? ನೀನೇ ಹೇಳು."

ಈ ಮನೆಯ ಅಡುಗೆಯ ವಿಷಯದಲ್ಲಿ ಹಾಲಮ್ಮ ಅವಳನ್ನು ಕೇಳಿದ್ದು ಅದೇ ಮೊದಲು. ಕಟ್ಟು ಕೊಟ್ಟರೆ ಅದೇ ಕಸ, ಕೊಡದೆ ಉಪವಾಸವಿದ್ದರೂ ಅದೇ ಕಸ. ಹೂವಮ್ಮ ಚಮಚೆ ತೆಗೆದುಕೊಂಡು ಗಂಡನ ತುಟಿಗೆ ಗಂಜಿ ಮುಟ್ಟಿಸಿದಳು. ಅವಳ ಮುಖ ನೋಡಿ ಅವನು ಬಾಯಿ ತೆರೆದ. ತೆಗೆದುಕೊಂಡಿದ್ದನ್ನು ದವಡೆಯಲ್ಲೇ ಇಟ್ಟುಕೊಂಡು ಕೂತ.

"ನುಂಗಪ್ಪಾ," ಎಂದಳು ಹಾಲಮ್ಮ, ಅವನ ಗಂಟಲು ಸವರುತ್ತ. "ನುಂಗು, ನನ್ನಪ್ಪ."

ಈಶ್ವರಪ್ಪ ಮೆಲ್ಲಗೆ ಅಡ್ಡಡ್ಡ ತಲೆಯಾಡಿಸಿದ.